ಖಾಲಿ ಊರಿನ ತಂತಿ

"ನಮ್ಮೂರ ತಂತಿ ಏನ್ ಮಾಡುದ್ರಿ ಸೋಮಿ?"

ಬೆಳಗ್ಗೆ ಆಫೀಸಿನ ಬಾಗಿಲು ತೆಗೆದು ಕುರ್ಚಿಯ ದೂಳು ಕೂಡ ಒರೆಸಿರಲಿಲ್ಲ, ಅಷ್ಟರಲ್ಲಿ ಈ ಪ್ರಶ್ನೆ. ಕೇಳಿದವರು ರಾಜಾನುಕುಂಟೆಯಿಂದ ಒಳಕ್ಕೆ, ಕೆರೆಯ ಪಕ್ಕದ ಒಂದು ಸಣ್ಣ ಹಳ್ಳಿಯ ಯಜಮಾನರು. ಪಂಚೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು. ನಸುಕಿಗೇ ಎದ್ದು ನಡೆದು ಬಂದಿದ್ದರೆಂದು ಪಾದದ ಕೆಂಪು ಮಣ್ಣೇ ಹೇಳುತ್ತಿತ್ತು.

ನಾನಾಗ ಯಲಹಂಕದ ಕರೆಂಟು ಆಫೀಸಿನಲ್ಲಿ ಸೂಪರ್‌ವೈಸರು. ನಯಾಪೈಸೆ ಬಂದು ಕೆಲವು ವರ್ಷವಾಗಿತ್ತು, ಆದರೂ ಜನ ಆಣೆಯಲ್ಲೇ ಲೆಕ್ಕ ಹೇಳುತ್ತಿದ್ದ ಕಾಲ. ಸುತ್ತಲ ಹಳ್ಳಿಗಳಿಗೆ ಕರೆಂಟು ಆಗಷ್ಟೇ ಕಾಲಿಡುತ್ತಿತ್ತು. ಅದನ್ನು ಮನೆಗೆ ಬಂದ ಹೊಸ ಸೊಸೆಯ ಹಾಗೆ ಜನ ನೋಡುತ್ತಿದ್ದರು. ಮರ್ಯಾದೆಯೂ ಇತ್ತು, ಒಂದು ಕಣ್ಣೂ ಇತ್ತು.

"ತಂತಿಗೆ ಏನಾಯ್ತು ಯಜಮಾನ್ರೇ? ಗಾಳಿಗೆ ಬಿತ್ತಾ?"

"ಬಿದ್ದಿದ್ರೆ ನೆಲದ ಮೇಲೆ ಇರ್ಬೇಕಲ್ಲಾ? ಕಂಬ ಅವೆ. ತಂತಿ ಇಲ್ಲ. ಕಂಬದ ಮ್ಯಾಲಿನ ಪಿಂಗಾಣಿ ಬಟ್ಲೂ ಇಲ್ಲ. ಗರಿ ಕಿತ್ತ ಕೋಳಿ ಅಂಗೆ ನಿಂತವೆ ಕಂಬ."

"ಹಗಲಲ್ಲಿ ಯಾರೂ ನೋಡ್ಲಿಲ್ವೇ?"

"ನಿನ್ನೆ ನಮ್ಮೂರು ಹೊರಬೀಡು ಕಣ್ ಸೋಮಿ."

ಹೊರಬೀಡು ಅಂದರೆ ಏನು ಅಂತ ನನಗೆ ಗೊತ್ತಿತ್ತು. ನಮ್ಮಜ್ಜಿಯ ತವರಿನಲ್ಲಿಯೂ ಇತ್ತು. ಬೇಸಿಗೆಯಲ್ಲಿ ಒಂದು ದಿನ ಊರಿಗೆ ಊರೇ ಹೊರಟುಬಿಡುವುದು. ಸೂರ್ಯ ಹುಟ್ಟುವ ಮುಂಚೆ ಒಲೆಗಳನ್ನೆಲ್ಲ ನೀರು ಹಾಕಿ ಆರಿಸಿ, ದನ, ಕುರಿ, ನಾಯಿ, ಬುಟ್ಟಿಯಲ್ಲಿ ಕೋಳಿ, ಬೆನ್ನ ಮೇಲೆ ಮುದುಕರು, ಎಲ್ಲರನ್ನೂ ಕರೆದುಕೊಂಡು ಊರಾಚೆಯ ತೋಪಿಗೆ ಹೋಗಬೇಕು. ಊರ ಬಾಗಿಲಿಗೆ ಮುಳ್ಳು ಎಳೆಯಬೇಕು. ಆ ದಿನ ಊರು ಅಮ್ಮನದು. ಅವಳು ಬೀದಿ ಬೀದಿ ಓಡಾಡಿ ರೋಗರುಜಿನ ಗುಡಿಸಿ ಹಾಕುತ್ತಾಳೆ, ಆ ಹೊತ್ತಲ್ಲಿ ಯಾರೂ ಊರ ಕಡೆ ತಿರುಗಿ ಕೂಡ ನೋಡಬಾರದು ಎಂದು ನಂಬಿಕೆ. ಸೂರ್ಯ ಮುಳುಗಿದ ಮೇಲೆ ಬಂದು, ಗುಡಿಯ ಮುಂದೆ ಹೊಸ ಬೆಂಕಿ ಹೊತ್ತಿಸಿ, ಅದರ ಕೆಂಡವನ್ನು ಮನೆ ಮನೆಗೂ ಒಯ್ದು ಒಲೆ ಹಚ್ಚುವುದು.

ಯಜಮಾನರು ಎದ್ದು ನಿಂತರು. "ಊರ್ನಾಗೆ ಒಂದು ಮಾತು ಎದ್ದೈತೆ. ಅದು ಒಂದು ಹೆಣ್ಣುಮಗಳ ಮೇಲೆ ಬಿದ್ದೈತೆ. ನೀವು ಬಂದು ನೋಡಿ, ಇಂಗೆ ಆಗಿದ್ದು ಅಂತ ನಾಕು ಜನದ ಮುಂದೆ ಯೋಳಬೇಕು. ನಾನು ಮುಂದೆ ಹೋಗಿರ್ತೀನಿ." ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ನಡೆದೇಬಿಟ್ಟರು.

ಅವರು ತಿರುವಿನಲ್ಲಿ ಮರೆಯಾದರೋ ಇಲ್ಲವೋ, ನಮ್ಮ ಗ್ಯಾಂಗಿನ ಮೇಸ್ತ್ರಿ ಸೈಕಲ್ಲು ತಳ್ಳಿಕೊಂಡು ಒಳಗೆ ಬಂದ. ಶಿಂಷಾ ಕಡೆಯಿಂದ ಈಚೆಗೆ ವರ್ಗವಾಗಿ ಬಂದಿದ್ದ, ಒಳ್ಳೆಯ ಕೆಲಸಗಾರ. ಮುಖದಲ್ಲಿ ಬೆಳಕು.

"ಸಾರ್, ಆ ಖಾಲಿ ಊರಿನ ಕೆಲ್ಸ ಒಂದೇ ದಿನಕ್ಕೆ ಮುಗಿಸ್ಬಿಟ್ಟೆ. ಸಂಜೆ ಸ್ಟೋರ್ ಲಾರಿ ಬಂದಿತ್ತು, ತಂತಿ ಸುರುಳಿ, ಇನ್ಸುಲೇಟರ್ ಎಲ್ಲಾ ಯಶವಂತಪುರಕ್ಕೆ ಏರಿಸಿ ಕಳಿಸ್ದೆ. ಒಂದು ಪಿಂಗಾಣಿ ಒಡೀಲಿಲ್ಲ!"

ನಾನು ಎದ್ದು ಯಜಮಾನರು ಹೋದ ದಾರಿಯ ಕಡೆ ನೋಡಿದೆ.

ಅದರ ಹಿಂದಿನ ಕಥೆ ಹೀಗೆ. ಆ ಕೆರೆಯ ಎರಡು ಪಕ್ಕದಲ್ಲಿ ಎರಡು ಊರು. ಆಚೆ ದಡದ್ದು ತಗ್ಗಿನಲ್ಲಿತ್ತು, ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುತ್ತಿತ್ತು. ಅಲ್ಲಿಯವರೆಲ್ಲ ಬೇಸತ್ತು ದೂರದ ದಿಬ್ಬಕ್ಕೆ ಹೋಗಿ ಮನೆ ಕಟ್ಟಿಕೊಂಡಿದ್ದರು. ಬಿಟ್ಟ ಊರಿನಲ್ಲಿ ಬರೀ ಗೋಡೆ, ಒಂದು ಹುಣಸೆ ತೋಪು, ನಮ್ಮ ಕಂಬ ಮತ್ತು ತಂತಿ. ತಾಮ್ರದ ತಂತಿಗೆ ಆಗ ಬಹಳ ಅಭಾವ. ಹಾಗಾಗಿ ಅಲ್ಲಿಯದನ್ನು ಬಿಚ್ಚಿ ತರಬೇಕೆಂದು ನಮ್ಮ ಇಂಜಿನಿಯರು ಸಾಹೇಬರು ಮೇಸ್ತ್ರಿಯನ್ನು ಬೆಂಗಳೂರಿಗೇ ಕರೆಸಿ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ನಾನು ಆ ದಿನ ಹೆಬ್ಬಾಳದ ಕಡೆ ಕೇಬಲ್ ಕೆಟ್ಟು ಅಲ್ಲಿದ್ದೆ.

"ಸಾಹೇಬ್ರು ನಿಂಗೆ ಏನಂತ ಹೇಳಿದ್ರು?"

"ಕೆರೆ ಏರಿ ಹತ್ತಿದ್ರೆ ಎರಡು ಊರು ಕಾಣ್ತವೆ, ಜನ ಇಲ್ಲದ್ದು ಯಾವುದೋ ಅದನ್ನ ಬಿಚ್ಚು ಅಂದ್ರು."

"ನಿಂಗೆ ಜನ ಇಲ್ಲದ್ದು ಯಾವುದು ಕಾಣ್ತು?"

"ಈ ಕಡೇದು ಸಾರ್. ಒಂದು ನಾಯಿ ಬೊಗಳ್ಲಿಲ್ಲ. ಮನೇಗೆಲ್ಲಾ ಬೀಗ. ಆ ಕಡೆ ನೋಡುದ್ರೆ ಹೊಗೆ, ದನ, ಹೆಂಗಸ್ರು, ಮಕ್ಳು, ಗಲಗಲ ಅಂತಿತ್ತು. ಯಾಕೆ ಸಾರ್?"

ಊರಿನ ಜನ ಹೊರಬೀಡಿಗೆ ಹೋಗಿ ಕೂತದ್ದು ಆ ಬಿಟ್ಟ ಊರಿನ ಹುಣಸೆ ತೋಪಿನಲ್ಲೇ! ಒಂದೇ ಒಂದು ಹಗಲಿಗೆ ಎರಡು ಊರೂ ಅದಲು ಬದಲಾಗಿದ್ದವು. ಆ ಹಗಲಿಗೇ ನಮ್ಮ ಮೇಸ್ತ್ರಿ ಏಣಿ ಹೊತ್ತುಕೊಂಡು ಹೋಗಿದ್ದ. ವಿಷಯ ಹೇಳಿದೆ. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತ. ಅವನ ಸೀಮೆಯಲ್ಲಿ ಈ ಪದ್ಧತಿಯ ಹೆಸರೂ ಕೇಳಿದವನಲ್ಲ.

ಸಾಹೇಬರಿಗೆ ಫೋನು ಮಾಡಿದೆ.

"ಏನ್ರೀ ಇದು... ಸರಿ. ನೋಡಿ, ಗಾಳಿಗೆ ಬಿತ್ತು ಅಂತ ಬರೀರಿ. ಬಿದ್ದ ತಂತಿ ಕಳವಾಗ್ಬಾರ್ದು ಅಂತ ನಮ್ಮೋರೇ ಸುತ್ತಿಟ್ರು ಅನ್ನಿ. ಬ್ರೇಕ್‌ಡೌನ್ ಅಂದ್ರೆ ಇವತ್ತೇ ಸಾಮಾನು ಕೊಡಿಸ್ತೀನಿ, ಯಾರೂ ಕೇಳೋ ಹಾಗಿಲ್ಲ. ನಾವೇ ಬಿಚ್ಚಿದ್ವಿ ಅಂದ್ರೋ, ವಿಚಾರಣೆ ಆಗೋವರ್ಗೂ ಒಂದು ಗೇಣು ತಂತಿ ಆಚೆ ಬರಲ್ಲ. ಆ ಮೇಸ್ತ್ರಿ ಮಕ್ಕಳೊಂದಿಗ. ಅವನ ಕೆಲ್ಸಕ್ಕೂ ಕುತ್ತು."

ಅವರು ಹೇಳಿದ್ದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ನನಗೂ ಒಪ್ಪಿಗೆಯಾಯಿತು. ಊರಿಗೆ ಬೇಗ ಬೆಳಕು ಬರುತ್ತದೆ, ಮೇಸ್ತ್ರಿಯ ಅನ್ನ ಉಳಿಯುತ್ತದೆ, ಗಾಳಿಯೇನು ಬಂದು ನನ್ನ ಮೇಲೆ ದೂರು ಕೊಡುವುದಿಲ್ಲ. ಮೇಸ್ತ್ರಿಯನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಸಾಹೇಬರ ಮಾತು ತಿಳಿಸಿದಾಗ ಅವನ ಪೆಡಲಿಗೆ ಜೀವ ಬಂತು.

ಕೆರೆ ಏರಿ ಹತ್ತಿದ ಕೂಡಲೇ ಬೋಳು ಕಂಬಗಳು ಕಂಡವು. ಯಜಮಾನರು ಊರ ಬಾಗಿಲಲ್ಲೇ ಕಾಯುತ್ತಿದ್ದರು. ಮೊದಲು ಗುಡಿ ಹತ್ತಿರ ಹೋಗುವುದು ಬೇಡ, ಇಲ್ಲಿ ಬನ್ನಿ ಅಂತ ಬೀದಿಯ ನಡುವಿನ ಒಂದು ಹೆಂಚಿನ ಮನೆಗೆ ಕರೆದುಕೊಂಡು ಹೋದರು.

ಆ ಮನೆಯ ಹೆಣ್ಣುಮಗಳು ಯಜಮಾನರ ತಮ್ಮನ ಮಗಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಾಯಿಯ ಜೊತೆ ಇದ್ದವಳು. ಹೆಬ್ಬಾಳದ ಕಡೆ ಸೀಮೆ ಕೋಳಿ ಸಾಕುವುದನ್ನು ಕಲಿಸುತ್ತಾರೆಂದು ಕೇಳಿ, ಹೋಗಿ ಕಲಿತು, ಒಂದು ಕಾವು ಪೆಟ್ಟಿಗೆಯನ್ನೂ ತಂದಿದ್ದಳು. ಮರದ ಬೀರುವಿನಂಥದು. ಒಳಗೆ ಬಿಸಿ ಕೊಡುವ ಕರೆಂಟಿನ ಸುರುಳಿ, ಶಾಖ ಹೆಚ್ಚಾದರೆ ತಾನೇ ಆರುವ, ಕಡಿಮೆಯಾದರೆ ತಾನೇ ಹತ್ತುವ ಏರ್ಪಾಡು, ತೇವಕ್ಕೆ ನೀರಿನ ತಟ್ಟೆ. ಮೊಟ್ಟೆಗಳನ್ನು ಮರಿ ಮಾಡಿ ಸುತ್ತಲ ಊರುಗಳಿಗೆ ಕೊಡುವುದು ಅವಳ ಯೋಚನೆ. ಇದು ಅವಳ ಮೊದಲ ಕಾವು. ಸುಮಾರು ನೂರು ಮೊಟ್ಟೆ, ಅರ್ಧ ದಾರಿ ಬಂದಿದ್ದವು.

ನಾವು ಒಳಗೆ ಹೋದಾಗ ಅವಳು ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಕೌದಿ ಸುತ್ತಿದ ದೊಡ್ಡ ಬುಟ್ಟಿ, ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಎದುರಿಗೆ ಅವಳ ತಾಯಿ ಇನ್ನೊಂದು ಬುಟ್ಟಿ ತಬ್ಬಿ ಕೂತಿದ್ದರು. ಇಬ್ಬರ ಕಣ್ಣೂ ನಿದ್ದೆ ಕಾಣದೆ ಕೆಂಪಾಗಿದ್ದವು. ಹಿಂದೆ ಒಲೆ ತಣ್ಣಗಿತ್ತು.

"ಚಿಪ್ಪು ಇನ್ನೂ ಬಿಸಿ ಐತೆ," ಅಂದಳು, ಯಾರೋ ಕೇಳಿದ ಹಾಗೆ. ಒಂದು ಮೊಟ್ಟೆ ತೆಗೆದು ಹೆಂಚಿನ ಸಂದಿಯಿಂದ ಬಿದ್ದ ಬಿಸಿಲ ಕೋಲಿಗೆ ಹಿಡಿದು ತೋರಿಸಿದಳು. ಒಳಗೆ ಕೆಂಪು ಎಳೆಗಳ ಬಲೆ, ಅದರ ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಿತು. ನಾನು ಅಂಥದ್ದನ್ನು ಅದೇ ಮೊದಲು ಕಂಡದ್ದು.

"ಅಲ್ಲಮ್ಮಾ, ನೀರು ಕಾಯಿಸಿ ತಪ್ಪಲೆಗೆ ತುಂಬಿ ಪೆಟ್ಟಿಗೆ ಒಳಗಾದ್ರೂ ಇಡಬಹುದಿತ್ತಲ್ಲ? ಒಲೆ ಯಾಕೆ ಹಚ್ಚಿಲ್ಲ?"

ಅವಳು ದೊಡ್ಡಪ್ಪನ ಮುಖ ನೋಡಿದಳು. ಯಜಮಾನರು ಹೊಸ್ತಿಲ ಕಡೆ ನೋಡುತ್ತ ಹೇಳಿದರು. ಹೊರಬೀಡಿನ ದಿನ ಊರಲ್ಲಿ ಬೆಂಕಿ ಇರಬಾರದು. ಪೆಟ್ಟಿಗೆ ಆರಿಸಿದರೆ ಮೊಟ್ಟೆ ಸಾಯುತ್ತವೆ. ಇವಳು ಬಂದು ಕೇಳಿದಾಗ ಅವರೇ, ಹೊಗೆ ಇಲ್ಲ, ಬೂದಿ ಇಲ್ಲ, ಅದು ಬೆಂಕಿ ಅಲ್ಲ ಅಂತ ತೀರ್ಮಾನ ಕೊಟ್ಟು ಪೆಟ್ಟಿಗೆ ಉರಿಯಲು ಬಿಟ್ಟಿದ್ದರು. ಸಂಜೆ ಬಂದು ನೋಡಿದರೆ ದೀಪವಿಲ್ಲ. ಮಸುಕು ಬೆಳಕಿನಲ್ಲಿ ತಲೆ ಎತ್ತಿ ನೋಡಿದರೆ ತಂತಿಯೇ ಇಲ್ಲ. ಅಮ್ಮನಿಗೆ ಸಿಟ್ಟು ಬಂದು ಕಿತ್ತುಹಾಕಿದಳು ಅಂತ ಜನ ಅಂದರು. ಗುಡಿಯ ಹೊಸ ಬೆಂಕಿಯನ್ನು ಈ ಮನೆಗೆ ಮಾತ್ರ ಕೊಡಲಿಲ್ಲ. ಆ ಬೆಂಕಿ ಬಾರದೆ ಒಲೆ ಹಚ್ಚುವಂತಿಲ್ಲ.

"ಒಂದು ಕಡ್ಡಿ ಗೀರಿದ್ರೆ ಯಾರು ನೋಡ್ತಾರೆ?" ಅಂದ ಮೇಸ್ತ್ರಿ, ಮೆಲ್ಲಗೆ.

"ಕಡ್ಡಿಪೆಟ್ಟಿಗೆ ಅಗೋ ಗೂಡಿನಾಗೇ ಐತಣ್ಣಾ," ಅಂದಳು. "ಗೀರಿದ್ರೆ ಮೊಟ್ಟೆ ಉಳೀತವೆ. ನಾನು ಊರ್ನಾಗೆ ಉಳಿಯಾಕಿಲ್ಲ."

ಹೊರಗೆ ಬಂದಾಗ ನಾನು ಯಜಮಾನರನ್ನು ಕೇಳಿದೆ, ಸುಮ್ಮನೆ ನಾಲಿಗೆಯ ಮೇಲೆ ಇಟ್ಟು ನೋಡುವ ಹಾಗೆ: "ಯಜಮಾನ್ರೇ, ಗಾಳಿ ಏನಾದ್ರೂ ಬೀಸಿತ್ತಾ ನಿನ್ನೆ?"

ಅವರು ನಕ್ಕರು, ಆದರೆ ಅದು ನಗುವಲ್ಲ. "ದಿನವೆಲ್ಲಾ ತೋಪಿನಾಗೆ ಇದ್ವಿ, ಒಂದು ಹುಣಸೆ ಎಲೆ ಅಲ್ಲಾಡ್ಲಿಲ್ಲ. ನಮ್ಮೂರ ಮ್ಯಾಲೆ ಮಾತ್ರ ಬೀಸೋ ಗಾಳಿ ಅಂದ್ರೆ ಅದು ಯಾರ ಗಾಳಿ ಅಂತ ಜನಕ್ಕೆ ಗೊತ್ತಾಗಾಕಿಲ್ವಾ? ನೀವು ಗಾಳಿ ಅನ್ನಿ, ಆ ಮಗೀನ ಕಥೆ ಮುಗೀತು."

ಅಲ್ಲೇ ನಿಂತೆ. ಸಾಹೇಬರ ಗಾಳಿ ಈ ಊರಿಗೆ ಬೆಳಕು ತರುತ್ತಿತ್ತು, ನಿಜ. ಆದರೆ ಆ ಬೆಳಕು ಒಂದು ಮನೆಯನ್ನು ಊರಾಚೆ ಇಟ್ಟು ಬರುವ ಬೆಳಕಾಗುತ್ತಿತ್ತು. ಇನ್ನೊಂದು ಕಡೆಯನ್ನೂ ತೂಗಿ ನೋಡಿದೆ. ನಿಜ ಹೇಳಿದರೆ ಸಾಮಾನು ಯಾವಾಗ ಬರುತ್ತದೋ ದೇವರೇ ಬಲ್ಲ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗುತ್ತವೆ. ಮೇಸ್ತ್ರಿಯ ಕೆಲಸವೂ ಇದೆ. ಎರಡು ಕಡೆಯೂ ನಷ್ಟ. ಆದರೆ ಒಂದು ಕಡೆಯ ನಷ್ಟ ನಮ್ಮ ಆಫೀಸಿನದು, ನಾವು ಮಾಡಿಕೊಂಡದ್ದು. ಇನ್ನೊಂದು ಕಡೆಯದು ಏನೂ ಮಾಡದ ಹೆಣ್ಣಿನದು.

ಮೇಸ್ತ್ರಿಯನ್ನು ಕಂಬದ ಮರೆಗೆ ಕರೆದೆ. "ನೋಡಪ್ಪಾ, ಗಾಳಿ ಅಂತ ನನಗೆ ಹೇಳೋಕೆ ಆಗಲ್ಲ. ನಾನೇ ಹೇಳ್ತೀನಿ, ಆಫೀಸು ತಪ್ಪು ಮಾಡ್ತು ಅಂತ. ನಿನ್ನ ಹೆಸರು ಎತ್ತಲ್ಲ."

ಅವನು ಕಂಬವನ್ನೇ ಉಗುರಿನಲ್ಲಿ ಕೆರೆಯುತ್ತಿದ್ದ. "ಬ್ಯಾಡಿ ಸಾರ್. ಆಫೀಸು ಅಂದ್ರೆ ಯಾರಿಗೆ ಗೊತ್ತಾಯ್ತದೆ? ಆಫೀಸಿಗೆ ಕೈಯಾ ಕಾಲಾ? ಬಿಚ್ಚಿದ್ ಕೈ ಇದು. ನಾನೇ ಹೇಳ್ತೀನಿ."

ಗುಡಿಯ ಮುಂದೆ ಊರು ಸೇರಿತ್ತು. ಗಂಡಸರು ನೆಲದ ಮೇಲೆ, ಹೆಂಗಸರು ಜಗುಲಿಗಳ ಮೇಲೆ. ನಾನು ಎರಡು ಮಾತಿನಲ್ಲಿ, ತಂತಿಯನ್ನು ಅಮ್ಮ ತೆಗೆದದ್ದಲ್ಲ, ಕಳ್ಳರು ತೆಗೆದದ್ದಲ್ಲ, ನಮ್ಮ ಆಫೀಸಿನ ಆಳುಗಳು ತಪ್ಪು ತಿಳಿದು ತೆಗೆದದ್ದು ಅಂತ ಹೇಳಿ ಮೇಸ್ತ್ರಿಯನ್ನು ಮುಂದೆ ಬಿಟ್ಟೆ. ಅವನು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಖಾಲಿ ಊರಿನ ತಂತಿ ಬಿಚ್ಚು ಅಂತ ನಂಗೆ ಹೇಳಿದ್ರು. ಬಂದೆ. ಈ ಕಡೆ ನೋಡುದ್ರೆ ಹೊಗೆ ಇಲ್ಲ, ದನ ಇಲ್ಲ, ಕೂಗುದ್ರೆ ಓ ಅನ್ನೋರಿಲ್ಲ. ಆ ಕಡೆ ಒಲೆ ಉರೀತಾವೆ, ಹೆಂಗಸ್ರು ಮುದ್ದೆ ತಿರುವ್ತಾವ್ರೆ, ಮಕ್ಳು ಮರಕೋತಿ ಆಡ್ತಾವೆ. ಯಾವುದು ಖಾಲಿ ಅನ್ಬೇಕು ನಾನು? ಮ್ಯಾಗೆ ಊರ ಬಾಗ್ಲಿಗೆ ಮುಳ್ಳು ಬೇರೆ ಹಾಕವ್ರೆ. ಬಿಟ್ಟೋದ ಊರು ಅಂತ ಖಾತ್ರಿ ಆಗೋಯ್ತು."

"ಮುಳ್ಳು ಹಾಕಿದ್ದು ನಾನೇ ಕಣಯ್ಯಾ!" ಅಂದರು ಯಜಮಾನರು.

ಯಾರೋ ಫಕ್ಕನೆ ನಕ್ಕರು. ಪಕ್ಕದಲ್ಲಿದ್ದವರು ಅವನನ್ನು ತಿವಿದರು.

"ಫ್ಯೂಸು ಕಿತ್ತೆ, ಮುಳ್ಳು ಸರಿಸಿ ಒಳಗೆ ಬಂದೆ, ಕಂಬ ಹತ್ತಿದೆ, ಬಿಚ್ಚಿದೆ, ಸುತ್ತಿದೆ. ಹೋಗ್ತಾ ಮುಳ್ಳು ಹೆಂಗಿತ್ತೋ ಹಂಗೇ ಎಳೆದಿಟ್ಟೆ. ಅಮ್ಮ ಏನೂ ಮಾಡ್ಲಿಲ್ಲ. ಆ ಅಕ್ಕ ಏನೂ ಮಾಡ್ಲಿಲ್ಲ. ಮಾಡಿದ್ದು ನಾನು."

ಜಗುಲಿಯ ಮೇಲಿಂದ ಒಬ್ಬ ಹಣ್ಣು ಹಣ್ಣು ಮುದುಕಿ ಎದ್ದು ನಿಂತಳು. ತೋಪಿನಲ್ಲಿ ಕೂತಿದ್ದಾಗ ಊರ ಕಡೆಯಿಂದ ಅಮ್ಮನ ಗೆಜ್ಜೆ ಸದ್ದು ಕೇಳಿಸಿತು ಅಂತ ಮೊದಲು ಹೇಳಿದವಳು ಅವಳೇ. ಎಲ್ಲರೂ ಕೇಳಿಸಿಕೊಂಡಿದ್ದರು, ಎಲ್ಲರೂ ಕೈ ಮುಗಿದಿದ್ದರು, ಯಾರೂ ತಿರುಗಿ ನೋಡಿರಲಿಲ್ಲ.

"ಅಂಗಾದ್ರೆ ಆ ಗೆಜ್ಜೆ?"

"ಗೆಜ್ಜೆ ಅಲ್ಲ ಅಜ್ಜಿ. ಗೋಣಿಚೀಲದಲ್ಲಿ ಪಿಂಗಾಣಿ. ಹೆಗಲ ಮೇಲೆ ಹಾಕ್ಕೊಂಡು ನಡೆದ್ರೆ ಹಂಗೇ ಗಲ್ ಗಲ್ ಅಂತದೆ."

"ಅಯ್ಯೋ ನಿನ್ನ ಮನೆ ಕಾಯ್ವೋಗ! ನಾನು ನಿಂಗೆ ಕೈ ಮುಗಿದ್ನೇನೋ!"

ಆಮೇಲೆ ನಗು ತಡೆಯುವವರು ಯಾರೂ ಇರಲಿಲ್ಲ. ಚಿಗುರುಮೀಸೆಯ ಒಬ್ಬ ಹುಡುಗ, "ನಾವು ಇನ್ನೊಂದು ಗಳಿಗೆ ತಡವಾಗಿ ಬಂದಿದ್ರೆ ಹೆಂಚೂ ಇಳಿಸ್ಬಿಡ್ತಿದ್ರಾ ಮೇಸ್ತ್ರಿಗಳೇ?" ಅಂದ. ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ನಕ್ಕ. ಕಣ್ಣಲ್ಲಿ ನೀರಿತ್ತು.

ಯಜಮಾನರು ಮಾತ್ರ ನಗಲಿಲ್ಲ. ನಗು ತಾನಾಗಿ ಇಳಿಯುವವರೆಗೂ ಕಾದು, ಗುಡಿಯ ಮುಂದಿನ ಗುಂಡಿಯಲ್ಲಿ ಬೂದಿ ಕೆದಕಿ, ಒಡೆದ ಮಡಕೆಯ ಚೂರಿನ ಮೇಲೆ ಕೆಂಡ ಎತ್ತಿಕೊಂಡು ಮೇಸ್ತ್ರಿಯ ಮುಂದೆ ಹಿಡಿದರು.

"ತೆಗೆದೋನು ನೀನು. ಕೊಂಡೋಗಿ ಕೊಡೋನೂ ನೀನೇ."

ಮೇಸ್ತ್ರಿ ಚಪ್ಪಲಿ ಬಿಟ್ಟ. ಎರಡೂ ಕೈಯಲ್ಲಿ ಆ ಚೂರನ್ನು ಹಿಡಿದು ಬೀದಿಯಲ್ಲಿ ನಡೆದ. ಬಿಸಿಯಾಗಿರಬೇಕು, ಆದರೂ ಕೈ ಬದಲಿಸಲಿಲ್ಲ. ಆ ಹೆಣ್ಣುಮಗಳ ತಾಯಿ ಬಾಗಿಲಿಗೆ ಬಂದು ಸೆರಗೊಡ್ಡಿ ನಿಂತರು. ಆಮೇಲೆ ಅದು ಕೆಂಡ ಅಂತ ನೆನಪಾಗಿ, ಅಳುತ್ತ ನಗುತ್ತ ದಾರಿ ಬಿಟ್ಟರು.

ಒಲೆ ಉರಿಯಿತು. ನೀರು ಕಾಯಿತು. ಆದರೆ ಬಿಸಿನೀರಿನ ತಪ್ಪಲೆಯಿಂದ ಪೆಟ್ಟಿಗೆಯ ಶಾಖ ಒಂದೇ ಸಮ ಇರಿಸುವುದು ಎಷ್ಟು ಹೊತ್ತು? ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸಾಮಾನು ಬರುವ ದಿನ ನನಗೇ ಗೊತ್ತಿರಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದೆ. ಅವಳು ಒಂದೊಂದೇ ಮೊಟ್ಟೆಯನ್ನು ಕೆನ್ನೆಗೆ ತಾಗಿಸಿ ನೋಡತೊಡಗಿದಳು.

ಆಗ ಯಜಮಾನರ ಹೆಂಡತಿ ಒಳಗೆ ಬಂದರು. ಕಂಕುಳಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಗರಿ ಉಬ್ಬಿಸಿಕೊಂಡ ಕೆಂಪು ನಾಟಿ ಕೋಳಿ.

"ನಮ್ದು ಕಾವಿಗೆ ಕೂತೈತೆ. ಅದರ ಮೊಟ್ಟೆ ನಿನ್ನೆ ತೋಪಿಗೆ ಹೊತ್ಕೊಂಡು ಹೋಗೋವಾಗ ಒಡೆದೋದ್ವು. ಬರೀ ಹೊಟ್ಟಿನ ಮ್ಯಾಲೆ ಕೂತು ನನ್ನ ಕುಕ್ತಾ ಐತೆ. ಕೊಡು ಇತ್ಲಾಗೆ ಒಂದು ಹತ್ತು."

"ದೊಡ್ಡಮ್ಮಾ, ಇವು ಸೀಮೆ ಮೊಟ್ಟೆ..."

"ಕೋಳಿಗೆ ಸೀಮೆ ಯಾವುದು, ನಾಟಿ ಯಾವುದು? ಬೆಚ್ಚಗಿದ್ರೆ ಸಾಕು ಅದಕ್ಕೆ."

ಅಷ್ಟೇ. ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಯಾರ ಮನೆಯಲ್ಲಿ ಕೋಳಿ ಕಾವಿಗೆ ಕೂತಿದೆಯೋ ಅವರೆಲ್ಲ ಬುಟ್ಟಿ ತಂದರು. ನಿನ್ನೆ ಅವಳ ಮನೆಗೆ ಕೆಂಡ ಕೊಡಲು ಒಪ್ಪದವರೂ ಬಂದರು. ಅವರು ಹೆಚ್ಚು ಮಾತಾಡಲಿಲ್ಲ, ಎರಡು ಮೊಟ್ಟೆ ಹೆಚ್ಚು ಕೇಳಿದರು. ಹೊಟ್ಟು ಹಾಸಿ, ಗುಡುಗು ಸಿಡಿಲಿಗೆ ಮೊಟ್ಟೆ ಕೆಡಬಾರದೆಂದು ಒಂದು ಚೂರು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟು, ಬಿಳಿ ಮೊಟ್ಟೆಗಳನ್ನು ಜೋಡಿಸಿದರು. ಪ್ರತಿ ಮೊಟ್ಟೆಯ ಮೇಲೂ ಅವಳು ಮಸಿಯಲ್ಲಿ ಗುರುತು ಹಾಕಿದ್ದಳು, ದಿನಕ್ಕೆರಡು ಸಲ ತಿರುಗಿಸಲು. "ತಿರುಗಿಸೋದು ಮರೀಬ್ಯಾಡಿ" ಅಂತ ಅವಳು ಹೇಳುತ್ತಿದ್ದರೆ ಹೆಂಗಸರು, "ನಮ್ಮ ಕೋಳಿಗೆ ನೀನು ಹೇಳಿಕೊಡ್ತೀಯೇನೇ?" ಅಂತ ನಗುತ್ತ ಹೋದರು. ಎಂಟೊಂಬತ್ತು ಬುಟ್ಟಿಗಳಲ್ಲಿ ಆ ಮೊಟ್ಟೆಗಳು ಊರಿಗೆಲ್ಲ ಹಂಚಿಹೋದವು. ನಾನು ಗಾಳಿ ಅಂದಿದ್ದರೆ ಒಂದು ಬುಟ್ಟಿಯೂ ಆ ಹೊಸ್ತಿಲು ದಾಟುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಾಹೇಬರ ಮುಂದೆ ನಿಂತೆ. ನಡೆದದ್ದನ್ನು ನಡೆದ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಓದಿ ಕನ್ನಡಕ ತೆಗೆದಿಟ್ಟರು.

"ನಿಮಗೆ ಸುಲಭದ ದಾರಿ ತೋರಿಸಿದ್ದೆ."

"ಆ ದಾರಿ ಒಂದು ಮನೆ ಮೇಲೆ ಹಾದುಹೋಗ್ತಿತ್ತು ಸಾರ್," ಅಂತ ಹೇಳಿ, ಒಲೆಯ ವಿಷಯ, ಕಡ್ಡಿಪೆಟ್ಟಿಗೆಯ ವಿಷಯ, ಕೆಂಡದ ವಿಷಯ ಎಲ್ಲ ತಿಳಿಸಿದೆ. ಸಾಹೇಬರು ಹಾಳೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು.

"ಜನ ಇಲ್ಲದ ಊರು ಅಂತ ಅವನಿಗೆ ಹೇಳಿದ್ದು ನಾನೇ ಅಲ್ಲವೇನ್ರೀ? ಒಂದು ಗುರುತು ಹೇಳಿದ್ದೆನಾ, ಕಂಬಕ್ಕೆ ನಂಬರು ಇದೆ ಅಂತ ನೆನಪು ಮಾಡಿದ್ದೆನಾ?" ಹಾಳೆಯ ಕೆಳಗೆ ಅದನ್ನೂ ತಾವೇ ಬರೆದು ಸಹಿ ಹಾಕಿದರು. ಆ ಒಂದು ಸಾಲಿನಿಂದಲೇ ಮೇಸ್ತ್ರಿಗೆ ಮುಂದೆ ಬರೀ ಎಚ್ಚರಿಕೆಯಲ್ಲಿ ಮುಗಿಯಿತು.

ಸಾಮಾನು ಮಾತ್ರ ಅಷ್ಟು ಸಲೀಸಾಗಿ ಬರಲಿಲ್ಲ. ಮೇಲಿನವರ ಒಪ್ಪಿಗೆಗೆ ಕಾಯಬೇಕಾಯಿತು. ಒಪ್ಪಿಗೆ ಹಿಡಿದು ಯಶವಂತಪುರದ ಸ್ಟೋರಿಗೆ ಹೋದರೆ, ನಮ್ಮ ಸುರುಳಿಗಳಲ್ಲಿ ಕೆಲವು ಆಗಲೇ ನಾಗಸಂದ್ರದ ಕಡೆಯ ಕೆಲಸಕ್ಕೆ ಹೋಗಿಬಿಟ್ಟಿದ್ದವು. ಉಳಿದ ತಂತಿ ಅಳೆದು ನೋಡಿದೆವು. ಮೊದಲಿದ್ದ ಹಾಗೆ ಊರುದ್ದಕ್ಕೂ ಎಳೆಯಲು ಸಾಲದು. ಬೀದಿ ದೀಪಕ್ಕೆಂದೇ ಬೇರೆ ಒಂದು ತಂತಿ ಓಡುತ್ತಿತ್ತು, ಅದನ್ನು ಸದ್ಯಕ್ಕೆ ಬಿಟ್ಟು, ಎರಡೇ ತಂತಿ ಎಳೆದರೆ ಗುಡಿಗೂ ಆ ಹೆಣ್ಣುಮಗಳ ಮನೆಗೂ ಮುಟ್ಟುತ್ತದೆ. ಬೀದಿಯ ಕೊನೆಯ ಯಜಮಾನರ ಮನೆಗೆ ಮುಟ್ಟುವುದಿಲ್ಲ. ಹೇಳಲು ನನಗೆ ಸಂಕೋಚವಾಯಿತು.

"ನಮ್ಮನೇದು ಆಮ್ಯಾಕೆ ಮಾಡ್ಕಳಿ," ಅಂದರು. "ಅರವತ್ತು ವರ್ಷ ಹರಳೆಣ್ಣೆ ದೀಪದಾಗೇ ಉಂಡಿದ್ದೀನಿ. ಬಾಯಿಗೆ ದಾರಿ ಗೊತ್ತು."

ತಂತಿ ಎಳೆಯುವ ದಿನ ನಮ್ಮ ಗ್ಯಾಂಗಿಗಿಂತ ಊರವರೇ ಹೆಚ್ಚಿದ್ದರು. ಮೇಸ್ತ್ರಿ ತಂತಿಯನ್ನು ತುಂಡು ಮಾಡದೆ ಉದ್ದಕ್ಕೇ ಸುತ್ತಿದ್ದನಾದ್ದರಿಂದ ಗಂಟು ಕಡಿಮೆ ಬಂತು. ಸುರುಳಿಯನ್ನು ನೆಲದಲ್ಲಿ ಉಜ್ಜದಂತೆ ಹೆಗಲ ಮೇಲೆ ಬಿಚ್ಚುತ್ತ ಹೋಗಬೇಕು, ಕೈಬಿಟ್ಟರೆ ತಿರುಚಿಕೊಂಡು ಸುಕ್ಕು ಬೀಳುತ್ತದೆ. ಅಲ್ಲಿಯ ಹುಡುಗರು ಒಂದೇ ಸಲಕ್ಕೆ ಕಲಿತರು. ಪಿಂಗಾಣಿ ಕೂರಿಸಿ, ತಂತಿ ಎತ್ತಿ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಷ್ಟು ಜೋಲು ಬಿಟ್ಟು ಕಟ್ಟಿದೆವು. ಗೆಜ್ಜೆ ಕೇಳಿದ ಅಜ್ಜಿ ಪಿಂಗಾಣಿಯ ಚೀಲವನ್ನು ತಾನೇ ಒಮ್ಮೆ ಅಲ್ಲಾಡಿಸಿ ನೋಡಿ, "ಇದೇ ಕಣ್ರೋ," ಅಂತ ಒಪ್ಪಿಕೊಂಡಳು.

ಕರೆಂಟು ಬಿಡುವ ಮುಂಚೆ ಪ್ರತಿ ಮನೆಯ ಸ್ವಿಚ್ಚೂ ಆರಿದೆಯೇ, ಯಾವ ತಂತಿ ಎಲ್ಲಿಗೆ ಸೇರಿದೆ ಅಂತ ಪರೀಕ್ಷಿಸಿದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿದ್ದ ಮೇಸ್ತ್ರಿಗೆ ಕೈ ಎತ್ತಿ ತೋರಿಸಿದೆ. ಅವನು ಫ್ಯೂಸು ಹಾಕಿದ. ಕಾವು ಪೆಟ್ಟಿಗೆಯ ಮೇಲಿನ ಪುಟ್ಟ ಕೆಂಪು ದೀಪ ಹತ್ತಿತು.

ಅವಳು ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ಕೈ ಇಟ್ಟು ನೋಡಿದಳು. ಬೆಚ್ಚಗಾಗುತ್ತಿತ್ತು. ಒಳಗೆ ಒಂದು ಮೊಟ್ಟೆಯೂ ಇರಲಿಲ್ಲ.

"ಹೋಗಿ ಇಸ್ಕೊಂಡು ಬರಲೇನಕ್ಕಾ?" ಅಂದ ಮೇಸ್ತ್ರಿ.

"ಬ್ಯಾಡಣ್ಣಾ. ಈಗ ಎಬ್ಬಿಸಿದ್ರೆ ಆ ಕೋಳಿಗಳು ನನ್ನ ಕಣ್ಣು ಕಿತ್ತಾವು. ಮರಿ ಬರ್ಲಿ. ಮರಿಗೂ ಬೇಕಲ್ಲ ಬಿಸಿ."

ಎಲ್ಲವೂ ಉಳಿಯಲಿಲ್ಲ. ಆ ಮೊದಲ ಸಂಜೆಯ ಥಂಡಿ ಕೆಲವಕ್ಕೆ ತಟ್ಟಿತ್ತು, ಅವು ಚಿಪ್ಪು ಒಡೆಯಲೇ ಇಲ್ಲ. ಅವಳು ಅವನ್ನು ಹಿತ್ತಲಲ್ಲಿ ಹೂತು, ಒಂದು ದಿನ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಹೆಚ್ಚಿನವು ಮರಿಯಾದವು. ಹೊಸ ತಂತಿಗೆ ಕಂಬಗಳೇನಾದರೂ ಸೊಟ್ಟಗಾಗಿವೆಯೇ ಅಂತ ನೋಡಲು ನಾನು ಇನ್ನೊಮ್ಮೆ ಹೋದಾಗ ಊರಿನ ಬೀದಿಯಲ್ಲಿ ನಡೆಯಲು ಜಾಗವಿರಲಿಲ್ಲ. ಕೆಂಪು, ಕಪ್ಪು, ಚುಕ್ಕೆಯ ನಾಟಿ ಕೋಳಿಗಳು ಠೀವಿಯಿಂದ ಕೆದಕುತ್ತಿದ್ದವು. ಹಿಂದೆ ಹಳದಿ ಮರಿಗಳ ಸಾಲು. ಪ್ರತಿ ಮನೆಗೂ ಅವಳು ಜೋಡಿ ಮರಿ ಬಿಟ್ಟುಕೊಟ್ಟಿದ್ದಳು. ಯಜಮಾನರ ಹೆಂಡತಿಯ ಕೋಳಿ ಮಾತ್ರ ಉಳಿದ ಮರಿಗಳನ್ನೂ ಕೊಡಲು ಒಪ್ಪದೆ, ತೆಗೆದುಕೊಳ್ಳಲು ಬಂದವಳ ಕಾಲಿಗೆ ಕುಕ್ಕಿ ರಕ್ತ ಬರಿಸಿತ್ತು. ಅಷ್ಟರಲ್ಲಿ ಅವರ ಮನೆಗೂ ದೀಪ ಬಂದಿತ್ತು.

ಮುಂದಿನ ಬೇಸಿಗೆ. ಒಂದು ಬೆಳಗ್ಗೆ ಮತ್ತೆ ಅದೇ ಕೆಂಪು ಮಣ್ಣಿನ ಪಾದಗಳು ಆಫೀಸಿನ ಬಾಗಿಲಲ್ಲಿ.

"ಸೋಮಿ, ನಾಳೆ ನಮ್ಮೂರು ಖಾಲಿ," ಅಂದರು ಯಜಮಾನರು. "ಆದ್ರೆ ಊರು ನಮ್ದೇ. ಯೋಳಿ ಹೋಗೋಣ ಅಂತ ಬಂದೆ."

ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದ ಮೇಸ್ತ್ರಿ ತಲೆ ಎತ್ತಲಿಲ್ಲ. ಯಜಮಾನರು ಅವನ ಕಡೆ ತಿರುಗಿ, "ನೀನೂ ಬಾರಯ್ಯಾ. ಕಣ್ಣ ಮುಂದೆ ಇದ್ರೆ ನಮಗೂ ಧೈರ್ಯ," ಅಂದರು. ಅವನು ರಜೆ ಕೇಳಿದ. ಕೊಟ್ಟೆ.

ಮರುದಿನ ಮಧ್ಯಾಹ್ನ ಕೆಲಸದ ಮೇಲೆ ಆ ದಾರಿಯಲ್ಲಿ ಬಂದವನು ತೋಪಿಗೆ ಹೋದೆ. ಒಲೆಗಳು ಉರಿಯುತ್ತಿದ್ದವು. ಬುಟ್ಟಿಗಳಲ್ಲಿ ಬೆಳೆದ ಬಿಳಿ ಹೇಂಟೆಗಳು ಗೊಣಗುತ್ತಿದ್ದವು. ಕೆರೆಯಾಚೆ ಅವಳ ಮನೆಯಲ್ಲಿ ಕಾವು ಪೆಟ್ಟಿಗೆ ತನ್ನ ಪಾಡಿಗೆ ಉರಿಯುತ್ತಿತ್ತು, ಯಜಮಾನರ ಹಳೆಯ ತೀರ್ಮಾನವನ್ನು ಯಾರೂ ಬದಲಿಸಿರಲಿಲ್ಲ. ಮೇಸ್ತ್ರಿ ಊರಿಗೆ ಬೆನ್ನು ಹಾಕಿ ಎಲೆಯ ಮುಂದೆ ಕೂತಿದ್ದ. ಆ ಹೆಣ್ಣುಮಗಳು ಅವನಿಗೆ ಮುದ್ದೆ ಬಡಿಸುತ್ತಿದ್ದಳು.

ಆಗ ನೀರಿನ ಮೇಲಿಂದ, ಊರ ಕಡೆಯಿಂದ, ಒಂದು ಸಣ್ಣ ಸದ್ದು ತೇಲಿ ಬಂತು. ಗಲ್ ಗಲ್. ದೂರದ ಎತ್ತಿನ ಗಾಡಿಯೋ ಏನೋ. ಎಲ್ಲರ ಕೈಯೂ ಎಲೆಯ ಮೇಲೆ ನಿಂತಿತು. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು.

"ಇಗೋ, ನಾನು ಇಲ್ಲೇ ಇದ್ದೀನಪ್ಪಾ," ಅಂದ ಅವನು, ಎರಡೂ ಕೈ ಎತ್ತಿ ತೋರಿಸಿ.

"ಅಂಗಾದ್ರೆ ಈ ಸಲ ಅಮ್ಮನೇ," ಅಂದಳು ಅಜ್ಜಿ, ಕೈ ಮುಗಿದು.

ಮೇಸ್ತ್ರಿಯೂ ಮುದ್ದೆ ಹಿಡಿದ ಕೈಯನ್ನೇ ಜೋಡಿಸಿದ. ತಿರುಗಿ ನೋಡಲಿಲ್ಲ.